ಹಬ್ಬದ ಉಡುಗೊರೆ ಪೆಟ್ಟಿಗೆ: ರೆಡಿಮೇಡ್ ಕಿಟ್ಟೋ, ಅಂಗಡಿಯ ಬಿಡಿ ರಟ್ಟೋ?

ಹನ್ನೆರಡು ಪೆಟ್ಟಿಗೆಯ ರೆಡಿಮೇಡ್ ಕಿಟ್ ಕೊಡಗಿನ ಹವೆಗೆ ಆಗಿಬರುವುದಿಲ್ಲ. ಅದಕ್ಕೆ ಕೊಡುವ ಸುಮಾರು 400 ರೂಪಾಯಿಯ ಅರ್ಧದಷ್ಟರಲ್ಲೇ ಊರಿನ ಸ್ಟೇಷನರಿ ಅಂಗಡಿಯಿಂದ ಎರಡು ರಟ್ಟಿನ ಹಾಳೆ, ಒಂದು ಡಬ್ಬಿ ಬಿಳಿ ಗೋಂದು, ಒಂದು ಸಣ್ಣ ಸುರುಳಿ ಬಟರ್ ಪೇಪರ್ ತರಬಹುದು. ಅಷ್ಟರಲ್ಲಿ ಹನ್ನೆರಡು ಗಟ್ಟಿ ಪೆಟ್ಟಿಗೆ ಆಗುತ್ತವೆ, ಗೋಂದು ಮತ್ತು ಬಟರ್ ಪೇಪರ್ ಮುಂದಿನ ಸಲಕ್ಕೂ ಉಳಿಯುತ್ತವೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ನೆಂಟರ ಮನೆಗೆ ಎಳ್ಳುಂಡೆ ಒಯ್ಯುವವರಿಗೂ ಕ್ರಿಸ್ಮಸ್‌ಗೆ ಅಕ್ಕಪಕ್ಕದವರಿಗೆ ಮನೆ ಚಾಕೊಲೇಟ್ ಹಂಚುವವರಿಗೂ ಈ ವಿಮರ್ಶೆ.

ಮೊದಲು ಕಿಟ್. ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುವ ಇವುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: ಮಡಿಕೆ ಗೆರೆ ಒತ್ತಿದ ಹನ್ನೆರಡು ಕಂದು ಕ್ರಾಫ್ಟ್ ಪೆಟ್ಟಿಗೆ, ಒಂದು ಉಂಡೆ ಸೆಣಬಿನ ದಾರ, ಹನ್ನೆರಡು ಟ್ಯಾಗ್, ಒಂದಿಷ್ಟು ಸ್ಟಿಕ್ಕರ್. ಗೋಂದು ಬೇಕಿಲ್ಲ, ರಟ್ಟಿನ ನಾಲಿಗೆಯನ್ನು ಸೀಳಿಗೆ ತೂರಿಸಿದರೆ ತಳ ಕೂತುಕೊಳ್ಳುತ್ತದೆ. ಈ ಅನುಕೂಲವೇ ಅದರ ದೊಡ್ಡ ದೋಷ. ಕಾಗದ ಹವೆಯ ತೇವ ಕುಡಿಯುತ್ತದೆ, ಕುಡಿದಾಗ ಮೆತ್ತಗಾಗುತ್ತದೆ. ಮಡಿಕೇರಿಯ ಮಂಜಿನಲ್ಲಿ ಒಂದು ರಾತ್ರಿ ಇಟ್ಟ ಪೆಟ್ಟಿಗೆಗೆ ನೂರು ಗ್ರಾಂ ಚಾಕೊಲೇಟ್ ತುಂಬಿದರೆ ತಳ ಹೊಟ್ಟೆಯಂತೆ ಕೆಳಗೆ ಇಳಿಯುತ್ತದೆ, ನಾಲಿಗೆ ಸೀಳಿನಿಂದ ಜಾರುತ್ತದೆ. ಕುಶಾಲನಗರದ ಕಡೆಯ ಒಣ ಹವೆಯಲ್ಲಿ ಇದೇ ಪೆಟ್ಟಿಗೆ ಪರವಾಗಿಲ್ಲ ಎನ್ನುವಷ್ಟು ನಿಲ್ಲುತ್ತದೆ. ಎರಡನೆಯ ದೋಷ ದಾರದ್ದು. ಸೆಣಬಿನ ನವಿರು ಎಳೆ ಉದುರಿ ತಿಂಡಿಯ ಮೇಲೆ ಕೂರುತ್ತದೆ. ಬಿಳಿ ಚಾಕೊಲೇಟಿನ ಮೇಲಂತೂ ಕೂದಲು ಬಿದ್ದಂತೆ ಕಾಣುತ್ತದೆ. ಮೂರನೆಯದು, ಒಳಮೈಗೆ ಎಣ್ಣೆ ತಡೆಯುವ ಯಾವ ಲೇಪವೂ ಇಲ್ಲದಿರುವುದು. ತುಪ್ಪದ ತಿಂಡಿ ಇಟ್ಟರೆ ಅರ್ಧ ದಿನದಲ್ಲಿ ಹೊರಗೆ ಕಲೆ ಮೂಡುತ್ತದೆ.

ಕಿಟ್‌ಗೆ ತಕ್ಕ ಕೆಲಸ ಇಲ್ಲವೆಂದಲ್ಲ. ಕಿವಿಯೋಲೆ, ಸಣ್ಣ ಸೋಪು, ಕವರಿನೊಳಗೆ ಸೀಲ್ ಆಗಿರುವ 50 ಗ್ರಾಂ ಏಲಕ್ಕಿ, ಇಂಥ ಹಗುರ ಮತ್ತು ಒಣ ವಸ್ತುಗಳಿಗೆ ಸಾಕು. ಶಾಲೆಯಲ್ಲಿ ಮಕ್ಕಳ ಕೈಗೆ ಬ್ಲೇಡ್ ಕೊಡುವ ಹಾಗಿಲ್ಲದಿರುವಾಗಲೂ ಇದೇ ಸರಿ. ತಿಂಡಿಯ ಪೆಟ್ಟಿಗೆಯಾಗಿ ನೋಡಿದರೆ ಐದಕ್ಕೆ ಎರಡು ಅಂಕ.

ಇನ್ನು ಬಿಡಿ ರಟ್ಟು. ಅಂಗಡಿಯಲ್ಲಿ ‘ಚಾರ್ಟ್’ ಎಂದು ಕೇಳಿದರೆ ಕೊಡುವುದು ಶಾಲೆಯ ಬಣ್ಣದ ಹಾಳೆ. ಅದು ಪೆಟ್ಟಿಗೆಗೆ ತೆಳುವಾಗುತ್ತದೆ. ಕೇಳಬೇಕಾದದ್ದು ಐವರಿ ಬೋರ್ಡ್, 300 ಜಿಎಸ್‌ಎಂ, 22×28 ಇಂಚು. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. ಅಂಗಡಿಯವರು 300 ಎಂದು 220ರ ಹಾಳೆ ಕೊಟ್ಟರೆ ಕೈಗೆ ಗೊತ್ತಾಗುವುದು ಕಷ್ಟ, ತಕ್ಕಡಿಗೆ ಗೊತ್ತಾಗುತ್ತದೆ. 22×28 ಇಂಚಿನ (ಸುಮಾರು 56×71 ಸೆಂ.ಮೀ.) 300 ಜಿಎಸ್‌ಎಂ ಹಾಳೆ ಹತ್ತಿರಹತ್ತಿರ 120 ಗ್ರಾಂ ತೂಗಬೇಕು. 90 ಗ್ರಾಂ ಬಂದರೆ ಅದು 220–230ರ ಹಾಳೆ. ಹೋಲಿಕೆಗೆ ಹೇಳುವುದಾದರೆ, ಜೆರಾಕ್ಸ್ ಅಂಗಡಿಯ 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 5 ಗ್ರಾಂ.

ಅಗ್ಗವೆಂದು ಒಂದು ಬದಿ ಬಿಳಿ, ಇನ್ನೊಂದು ಬದಿ ಬೂದು ಬಣ್ಣದ ಡುಪ್ಲೆಕ್ಸ್ ಬೋರ್ಡ್ ಕೊಡುವುದುಂಟು. ಗಟ್ಟಿತನದಲ್ಲಿ ಕೊರತೆಯಿಲ್ಲ. ಆದರೆ ಆ ಬೂದು ಬದಿ ರದ್ದಿ ಕಾಗದದಿಂದ ಮಾಡಿದ್ದು, ಅದರಲ್ಲಿ ಹಳೆಯ ಮುದ್ರಣದ ಶಾಯಿಯ ಶೇಷ ಇರುತ್ತದೆ. ತಿಂಡಿ ಅದಕ್ಕೆ ನೇರವಾಗಿ ತಾಗಬಾರದು. ಪತ್ರಿಕೆಯ ಹಾಳೆಯಲ್ಲಿ ತಿಂಡಿ ಸುತ್ತಬೇಡಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುತ್ತ ಬಂದಿರುವುದೂ ಶಾಯಿಯ ಕಾರಣಕ್ಕೇ. ಡುಪ್ಲೆಕ್ಸ್ ತಂದಿದ್ದರೆ ಒಳಗೆ ಬಟರ್ ಪೇಪರ್ ಹಾಸುವುದು ಕಡ್ಡಾಯ. ಐವರಿ ಬೋರ್ಡಿಗೂ ಹಾಸುವುದು ಒಳ್ಳೆಯದು, ಅಲ್ಲಿ ಕಾರಣ ಎಣ್ಣೆ ಕಲೆ ಮಾತ್ರ.

ತೂಕಕ್ಕಿಂತ ಮುಖ್ಯವಾದದ್ದು ನಾರಿನ ದಿಕ್ಕು, ಹೆಚ್ಚಿನವರು ಎಡವುವುದೂ ಇಲ್ಲೇ. ಯಂತ್ರದಲ್ಲಿ ತಯಾರಾದ ಎಲ್ಲ ರಟ್ಟಿನಲ್ಲೂ ನಾರು ಒಂದೇ ಕಡೆಗೆ ಮಲಗಿರುತ್ತದೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗಿತೋ ಆ ಮಡಿಕೆ ನಾರಿನ ಜೊತೆ ಹೋಗುತ್ತಿದೆ ಎಂದರ್ಥ. ನಾರಿನ ಜೊತೆ ಮಡಚಿದರೆ ಅಂಚು ನೀಟಾಗಿ ಬರುತ್ತದೆ, ಅಡ್ಡ ಮಡಚಿದರೆ ಬಿರಿಯುತ್ತದೆ. ತೇವಕ್ಕೆ ರಟ್ಟು ಹಿಗ್ಗುವುದೂ ಹೆಚ್ಚಾಗಿ ನಾರಿಗೆ ಅಡ್ಡವಾಗಿಯೇ. ಆದ್ದರಿಂದ ತಳದ ನಾರು ಒಂದು ಕಡೆ, ಮುಚ್ಚಳದ ನಾರು ಇನ್ನೊಂದು ಕಡೆ ಇದ್ದರೆ ಮಳೆಯ ದಿನ ಮುಚ್ಚಳ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಕತ್ತರಿಸುವ ಮೊದಲೇ ಪ್ರತಿ ಚೌಕದ ಹಿಂದೆ ಪೆನ್ಸಿಲ್‌ನಲ್ಲಿ ನಾರಿನ ಕಡೆಗೆ ಒಂದು ಬಾಣ ಎಳೆದಿಟ್ಟರೆ ಈ ತಾಪತ್ರಯವಿಲ್ಲ.

ಅಳತೆ ಹೀಗೆ. ತಳಕ್ಕೆ 18×18 ಸೆಂ.ಮೀ. ಚೌಕ, ನಾಲ್ಕೂ ಅಂಚಿನಿಂದ 4 ಸೆಂ.ಮೀ. ಒಳಗೆ ಗೆರೆ, 10×10 ಸೆಂ.ಮೀ. ತಳ, 4 ಸೆಂ.ಮೀ. ಎತ್ತರ. ಮುಚ್ಚಳಕ್ಕೆ 15.3 ಸೆಂ.ಮೀ. ಚೌಕ, ಅಂಚಿನಿಂದ 2.5 ಸೆಂ.ಮೀ. ಒಳಗೆ ಗೆರೆ, ಒಳ ಅಗಲ 10.3. ಆ 3 ಮಿ.ಮೀ. ಬಿಟ್ಟಿರುವುದು ಲೆಕ್ಕ ಹಾಕಿಯೇ. 1 ಮಿ.ಮೀ. ಬಿಟ್ಟರೆ ತೇವಕ್ಕೆ ಹಿಗ್ಗಿದಾಗ ಮುಚ್ಚಳ ಕಚ್ಚಿಕೊಂಡು ತೆಗೆಯುವಾಗ ಮೂಲೆ ಹರಿಯುತ್ತದೆ. 5 ಬಿಟ್ಟರೆ ಎತ್ತಿದ ಕೂಡಲೇ ತಳ ಜಾರಿ ಬೀಳುತ್ತದೆ.

ಎರಡು ಹಾಳೆಯಲ್ಲಿ ಹನ್ನೆರಡು ಹೇಗೆ ಎಂಬುದಕ್ಕೆ ಲೆಕ್ಕ ಇದು. ಮೊದಲ ಹಾಳೆಯ 56ರ ಅಗಲದಲ್ಲಿ 18ರ ಮೂರು ಚೌಕ, 71ರ ಉದ್ದಕ್ಕೆ ಅಂಥ ಮೂರು ಸಾಲು, ಅಂದರೆ ಒಂಬತ್ತು ತಳ. ಉಳಿದ 17 ಸೆಂ.ಮೀ. ಪಟ್ಟಿಯಲ್ಲಿ ಮೂರು ಮುಚ್ಚಳ. ಎರಡನೆಯ ಹಾಳೆಯಲ್ಲಿ 15.3ರ ಮೂರು ಸಾಲು, ಒಂಬತ್ತು ಮುಚ್ಚಳ. ಉಳಿದ 25 ಸೆಂ.ಮೀ. ಪಟ್ಟಿಯಲ್ಲಿ ಮೂರು ತಳ. ಬದಿಯಲ್ಲಿ ಮಿಗುವ ತುಂಡುಗಳಲ್ಲಿ 4×7 ಸೆಂ.ಮೀ.ನ ಟ್ಯಾಗ್‌ಗಳು ಬೇಕಾದಷ್ಟು. ಹಾಳೆಯನ್ನು ಅಂಗಡಿಯಿಂದ ಸುರುಳಿ ಸುತ್ತಿ ತರಬೇಡಿ. ಆ ಬಾಗು ಆಮೇಲೆ ಎಷ್ಟು ಭಾರ ಹೇರಿದರೂ ಪೂರ್ತಿ ಹೋಗುವುದಿಲ್ಲ. ಬಸ್ಸಿನಲ್ಲಿ ತರುವುದು ಕಷ್ಟವಾದರೆ ಅಂಗಡಿಯಲ್ಲೇ 71ರ ಬದಿಯಲ್ಲಿ ಮೊದಲ ಹಾಳೆಯನ್ನು 36 ಸೆಂ.ಮೀ.ಗೂ ಎರಡನೆಯದನ್ನು 46 ಸೆಂ.ಮೀ.ಗೂ ಕತ್ತರಿಸಿಕೊಂಡರೆ ಮೇಲಿನ ಲೆಕ್ಕ ಕೆಡುವುದಿಲ್ಲ.

ಮಡಚುವ ಮುಂಚೆ ಗೆರೆ ಕೊರೆಯಬೇಕು. ಇದಕ್ಕೆಂದು ಮಾರುವ ಉಪಕರಣ ಬೇಕಿಲ್ಲ. ಶಾಯಿ ಮುಗಿದ ಬಾಲ್‌ಪೆನ್, ಸ್ಟೀಲ್ ಸ್ಕೇಲ್, ಅಡಿಗೆ ಒಂದು ಹಳೆಯ ಪತ್ರಿಕೆಯ ಮಡಿಕೆ, ಇಷ್ಟೇ. ಗೆರೆಯನ್ನು ಪೆಟ್ಟಿಗೆಯ ಹೊರಮೈ ಮೇಲೆ ಒತ್ತಬೇಕು. ಆಗ ಹಿಂಬದಿಯಲ್ಲಿ ಸಣ್ಣ ಏಣು ಎದ್ದು ಬರುತ್ತದೆ, ಮಡಚುವಾಗ ಆ ಏಣು ಮಡಿಕೆಯ ಒಳಗೆ ಸೇರಬೇಕು. ಕಣಿವೆಯಂತಿರುವ ಬದಿಗೇ ಮಡಚುವುದು ಸಹಜವೆನಿಸಿದರೂ ಹಾಗೆ ಮಾಡಿದರೆ ಹೊರಮೈ ಎಳೆದು ಬಿರಿಯುತ್ತದೆ. ನಾರಿಗೆ ಅಡ್ಡ ಹೋಗುವ ಎರಡು ಗೆರೆಗಳನ್ನು ಎರಡೆರಡು ಸಲ ಒತ್ತಿ. ಬ್ಲೇಡಿನಿಂದ ಅರ್ಧ ಕೊಯ್ದು ಮಡಚುವ ಅಭ್ಯಾಸ ಬೇಡ, ಈ ಹವೆಯಲ್ಲಿ ಆ ಕೊಯ್ತದ ಗುಂಟ ಪದರ ಬಿಚ್ಚಿಕೊಳ್ಳುತ್ತದೆ.

ಚೌಕದ ಎದುರುಬದುರು ಎರಡು ಬದಿಗಳಲ್ಲಿ ಮಾತ್ರ, ಪ್ರತಿ ಬದಿಗೆ ಎರಡರಂತೆ ನಾಲ್ಕು ಕತ್ತರಿ ಹಾಕಿ. ಅಂಚಿನಿಂದ ಶುರುಮಾಡಿ ಗೆರೆಗಳು ಕೂಡುವ ಬಿಂದುವಿಗೆ ಕೂದಲೆಳೆ ಮುಂಚೆ ನಿಲ್ಲಿಸಬೇಕು. ದಾಟಿದರೆ ಮೂಲೆಯಲ್ಲಿ ತೂತು, ಅದರಲ್ಲಿ ಇರುವೆಗೆ ದಾರಿ. ಹೀಗೆ ಬಿಡಿಸಿದ ಮೂಲೆಯ ಚೌಕಗಳೇ ನಾಲಿಗೆ, ಅವನ್ನು ಮಡಚಿ ಪಕ್ಕದ ಗೋಡೆಗೆ ಅಂಟಿಸುವುದು. ಅವುಗಳ ತುದಿಯನ್ನು 2 ಮಿ.ಮೀ. ಓರೆಯಾಗಿ ಸವರಿದರೆ ಗೋಡೆಯಿಂದಾಚೆ ಇಣುಕುವುದಿಲ್ಲ.

ಗೋಂದಿನ ವಿಷಯದಲ್ಲಿ ಆಯ್ಕೆ ಸ್ಪಷ್ಟ: ಮರಗೆಲಸದವರು ಬಳಸುವ ಬಿಳಿ ಗೋಂದು, ಫೆವಿಕಾಲ್ ಥರದ್ದು. ಗ್ಲೂ ಸ್ಟಿಕ್ ಕಾಗದಕ್ಕೆ ಕಾಗದ ಹಚ್ಚಲು ಚೆನ್ನ, 300ರ ರಟ್ಟಿನ ಮಡಿಕೆ ಹಿಂದಕ್ಕೆ ತಳ್ಳುವ ಬಲಕ್ಕೆ ಅದು ನಿಲ್ಲುವುದಿಲ್ಲ. ಬಿಳಿ ಗೋಂದನ್ನು ಬೆರಳಲ್ಲಿ ಬಳಿಯದೆ ರಟ್ಟಿನ ತುಣುಕಿನಿಂದ ತೆಳ್ಳಗೆ ಎಳೆಯಿರಿ. ಒತ್ತಿದಾಗ ಬದಿಯಲ್ಲಿ ಹೊರಬಂದರೆ ಹೆಚ್ಚಾಯಿತೆಂದೇ ಅರ್ಥ, ನೀರಿನಂಶ ರಟ್ಟಿಗಿಳಿದು ಗೋಡೆ ಅಲೆಯಲೆಯಾಗುತ್ತದೆ. ಪ್ರತಿ ಮೂಲೆಗೆ ಬಟ್ಟೆ ಕ್ಲಿಪ್ಪು ಹಾಕಿ ಅರ್ಧ ಗಂಟೆ ಬಿಡಿ, ಮಂಜು ಕವಿದ ದಿನ ಒಂದು ಗಂಟೆ. ಕ್ಲಿಪ್ಪಿನ ಹಲ್ಲು ಮೂಡದಿರಲು ನಡುವೆ ರಟ್ಟಿನ ಚೂರು ಸಿಕ್ಕಿಸಿ.

ಮೈದಾ ಬೇಯಿಸಿದ ಅಂಟು ಇನ್ನೂ ಅಗ್ಗ, ನಿಜ. ಆದರೆ ಅದಕ್ಕೆ ಬೂಷ್ಟು ಬರುತ್ತದೆ, ಬೆಳ್ಳಿ ಬಣ್ಣದ ಪುಸ್ತಕದ ಹುಳುವೂ ಬರುತ್ತದೆ. ಹುಳು ಬಾರದಿರಲಿ ಎಂದು ಅಂಟಿಗೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ಹಳೆಯ ಪದ್ಧತಿ ಉಂಟು. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ತೋಟದ ಮನೆಗಳಲ್ಲಿ ಕೈಗೆ ಸುಲಭವಾಗಿ ಸಿಗುವುದರಿಂದ ಇದನ್ನು ಒತ್ತಿ ಹೇಳಬೇಕು: ಅದು ವಿಷ, ತಿಂಡಿಯ ಪೆಟ್ಟಿಗೆಯ ಹತ್ತಿರಕ್ಕೂ ತರಬಾರದು.

ಕೈಕಾಗದ, ಅಂದರೆ ಹತ್ತಿ ಚಿಂದಿಯಿಂದ ಮಾಡಿದ ಒರಟು ಹಾಳೆ, ನೋಡಲು ಎಲ್ಲಕ್ಕಿಂತ ಚೆಲುವು. ಪೆಟ್ಟಿಗೆಗೆ ಬೇಡ, ಮೇಲೆ ಸುತ್ತುವ ಪಟ್ಟಿಗೂ ಟ್ಯಾಗ್‌ಗೂ ಇರಲಿ. ಕೊಳ್ಳುವ ಮುಂಚೆ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಹೀರಿಕೊಂಡರೆ ಅದರ ಮೇಲೆ ಬರೆದ ಶಾಯಿಯೂ ಹಾಗೆಯೇ ಹರಡುತ್ತದೆ, ಬಾಲ್‌ಪೆನ್ ಇಲ್ಲವೇ ಪೆನ್ಸಿಲ್ಲೇ ಗತಿ. ಡಬಲ್ ಸೈಡ್ ಟೇಪ್ ಇದರ ಮೇಲೆ ನಿಲ್ಲದು, ಮೇಲೆದ್ದ ನಾರಿಗೆ ಮಾತ್ರ ಅಂಟಿ ನಾರಿನ ಸಮೇತ ಕಿತ್ತುಬರುತ್ತದೆ.

ಟ್ಯಾಗ್‌ಗೆ ಹಳೆಯ ಕಾಗದದ ಬಣ್ಣ ಬೇಕೆಂದು ದುಬಾರಿ ಹಾಳೆ ಕೊಳ್ಳುವುದು ಕಾಫಿಯ ಸೀಮೆಯಲ್ಲಿ ಅನ್ಯಾಯ. 200 ಮಿ.ಲೀ. ಕುದಿನೀರಿಗೆ 20 ಗ್ರಾಂ ಕಾಫಿಪುಡಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ, ಟ್ಯಾಗ್‌ಗಳನ್ನು ಮೂರು ನಾಲ್ಕು ನಿಮಿಷ ಮುಳುಗಿಸಿ. ಪುಡಿಯಲ್ಲಿ ಚಿಕೋರಿ ಇರಕೂಡದು. ಚಿಕೋರಿಯ ಸಕ್ಕರೆ ಅಂಶ ಹಾಳೆಯ ಮೇಲೆ ಜಿಗುಟಾಗಿ ಉಳಿದು ಟ್ಯಾಗ್‌ಗಳು ಒಂದಕ್ಕೊಂದು ಅಂಟುತ್ತವೆ, ಇರುವೆಯನ್ನೂ ಕರೆಯುತ್ತವೆ. ಅರ್ಧ ಒಣಗಿದಾಗ ಎರಡು ಬಟ್ಟೆಗಳ ನಡುವೆ ಇಟ್ಟು ಮೇಲೆ ಪುಸ್ತಕದ ಭಾರ ಹೇರಿ. ಪೂರ್ತಿ ಒಣಗಿದ ಮೇಲೆ ಹೇರಿದರೆ ಸೊಟ್ಟ ಹೋಗದು.

ಬೆನ್ನಿಗೆ ಬಿಳಿ ಪುಡಿ ಇರುವ ಜರೀಗಿಡದ ಎಲೆಯನ್ನು ಮಕ್ಕಳು ಕೈಮೇಲೆ ಒತ್ತಿ ಅಚ್ಚು ಮೂಡಿಸುತ್ತಾರಲ್ಲ, ಕಪ್ಪು ಹಾಳೆಯ ಮೇಲೂ ಅದು ಅಷ್ಟೇ ಸೊಗಸಾಗಿ ಮೂಡುತ್ತದೆ. ಶುಭಾಶಯ ಪತ್ರಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಚಂದದ ಅಲಂಕಾರವಿಲ್ಲ. ಉಜ್ಜಿದರೆ ಹೋಗುವುದರಿಂದ ಪತ್ರದ ಒಳಮೈಯಲ್ಲಿ ಒತ್ತಿ ಮೇಲೊಂದು ಬಟರ್ ಪೇಪರ್ ಇಡಿ. ಪುಡಿ ತಿಂಡಿಗೆ ಬೀಳುವಂತಿರಬಾರದು.

ಈಗ ಒಳಗಿನ ಸರಕು. 10 ಸೆಂ.ಮೀ. ಚೌಕದಲ್ಲಿ ಮೂರು ಸೆಂ.ಮೀ. ಅಗಲದ ಒಂಬತ್ತು ಚಾಕೊಲೇಟ್ ಕೂರುತ್ತವೆ. ಹನ್ನೆರಡು ಪೆಟ್ಟಿಗೆಗೆ 108. ಒಂದಕ್ಕೆ 12 ಗ್ರಾಂನಂತೆ 1 ಕೆ.ಜಿ. ಕಾಂಪೌಂಡ್ ಚಾಕೊಲೇಟಿಗೆ 300 ಗ್ರಾಂ ಹುರಿದ ಗೋಡಂಬಿ ಅಥವಾ ನೆಲಗಡಲೆ ಸರಿಯಾಗಿ ಹೊಂದುತ್ತದೆ. ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ರುಚಿಯಲ್ಲಿ ಅಸಲಿಗೆ ಸಮನಲ್ಲ, ಆದರೆ ಕರಗಿಸಿ ಸುರಿದರೆ ಸಾಕು, ಉಷ್ಣಾಂಶ ಏರಿಸಿ ಇಳಿಸುವ ಟೆಂಪರಿಂಗ್ ಬೇಕಿಲ್ಲ. ಕತ್ತರಿಸಿದ ಚೂರುಗಳನ್ನು ಒಣ ಪಾತ್ರೆಗೆ ಹಾಕಿ ಬಿಸಿನೀರಿನ ಪಾತ್ರೆಯ ಮೇಲಿಡಿ. ನೀರು ಕುದಿಯುತ್ತಿರಬಾರದು, ಮೇಲಿನ ಪಾತ್ರೆಯ ತಳ ನೀರಿಗೆ ತಾಗಲೂಬಾರದು. 45 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಸಾಕು. ಒಂದೇ ಹನಿ ನೀರು ಅಥವಾ ಹಬೆ ಒಳಸೇರಿದರೆ ಚಾಕೊಲೇಟ್ ಗಂಟುಗಂಟಾಗಿ ಸೌಟಿಗೆ ಮೆತ್ತಿಕೊಳ್ಳುತ್ತದೆ. ಹಾಗಾದದ್ದನ್ನು ಅಚ್ಚಿಗೆ ಹಾಕಲು ಆಗದು, ಬಿಸಿ ಹಾಲು ಸೇರಿಸಿ ಕುಡಿಯಲು ಬಳಸಿ.

ಅಚ್ಚನ್ನು ಫ್ರಿಡ್ಜಿಗೆ ಇಡುವುದೇ ಎಲ್ಲರ ಅಭ್ಯಾಸ. ಮಡಿಕೇರಿಯ ಡಿಸೆಂಬರ್‌ನಲ್ಲಿ ಅದು ಬೇಡ, ಅಡುಗೆಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ. ಫ್ರಿಡ್ಜಿನಿಂದ ತೆಗೆದ ತಣ್ಣನೆಯ ಚಾಕೊಲೇಟ್ ಮೇಲೆ ಹವೆಯ ತೇವ ಬೆವರಿನಂತೆ ಕೂರುತ್ತದೆ. ಆ ನೀರು ಮೇಲ್ಮೈಯ ಸಕ್ಕರೆಯನ್ನು ಕರಗಿಸಿ ಒಣಗಿದಾಗ ಬಿಳಿ ಪುಡಿಯ ಕಲೆ ಉಳಿಯುತ್ತದೆ. ನೋಡಿದವರು ಬೂಷ್ಟು ಎಂದು ಎಸೆಯುತ್ತಾರೆ. ತಿನ್ನಲು ತೊಂದರೆಯಿಲ್ಲ, ಆದರೆ ಉಡುಗೊರೆಯಾಗಿ ಕೊಡುವ ಹಾಗಿಲ್ಲ.

ಚಾಕೊಲೇಟ್ ಬೇಡವೆಂದರೆ ಕೊಡಗಿನ ಕಿತ್ತಳೆಯ ಸಿಪ್ಪೆಯ ಮಿಠಾಯಿ ಉಂಟು. ಆರು ಹಣ್ಣಿನ ಸಿಪ್ಪೆಯನ್ನು ಬೆರಳಗಲ ಸೀಳಿ ಎರಡು ಸಲ ಕುದಿಸಿ ನೀರು ಚೆಲ್ಲಿ, ಈ ಕಿತ್ತಳೆಯ ಸಿಪ್ಪೆ ತೆಳು, ಕಹಿ ಅಷ್ಟರಲ್ಲೇ ಹೋಗುತ್ತದೆ. 150 ಗ್ರಾಂ ಸಕ್ಕರೆ, 150 ಮಿ.ಲೀ. ನೀರಿನ ಪಾಕದಲ್ಲಿ ಸಣ್ಣ ಉರಿಯಲ್ಲಿ ಸಿಪ್ಪೆ ಅರೆಪಾರದರ್ಶಕವಾಗುವವರೆಗೆ ಬೇಯಿಸಿ, ಜಾಲರಿಯ ಮೇಲೆ ಒಂದು ಇಡೀ ದಿನ ಆರಿಸಿ, ಆಮೇಲೆ ಸಕ್ಕರೆಯಲ್ಲಿ ಹೊರಳಿಸಿ. ಆರುವ ಮುಂಚೆಯೇ ಹೊರಳಿಸಿದರೆ ಸಕ್ಕರೆ ನೀರೊಡೆದು ಪೆಟ್ಟಿಗೆಯ ತಳ ಒದ್ದೆಯಾಗುತ್ತದೆ.

ಪುತ್ತರಿಯ ತಂಬಿಟ್ಟು ಬಾಳೆಹಣ್ಣಿನದು, ಪೆಟ್ಟಿಗೆಗೆ ಬರುವ ತಿಂಡಿಯಲ್ಲ, ಆವತ್ತೇ ತಿನ್ನಬೇಕು. ಒಯ್ಯಲು ಎಳ್ಳುಂಡೆಯೇ ಸರಿ: ಹುರಿದ ಎಳ್ಳು 250 ಗ್ರಾಂ, ಬೆಲ್ಲ 200 ಗ್ರಾಂ, ನೀರು ಎರಡು ಚಮಚ. ಪಾಕದ ಹನಿ ತಣ್ಣೀರಿಗೆ ಬಿಟ್ಟರೆ ಗಟ್ಟಿ ಉಂಡೆಯಾಗಿ ಪಾತ್ರೆಗೆ ಬಡಿದಾಗ ಟಣ್ ಎನ್ನಬೇಕು. ಪಾಕ ಎಳೆಯದಾದರೆ ಉಂಡೆ ಚಪ್ಪಟೆಯಾಗುತ್ತದೆ. ಬೆಲ್ಲ ತೇವ ಎಳೆಯುವ ವಸ್ತು, ಆದ್ದರಿಂದ ಪೆಟ್ಟಿಗೆಗೆ ಹಾಸಿದ ಬಟರ್ ಪೇಪರ್ ಸಾಲದು, ಉಂಡೆಗೊಂದರಂತೆ 12 ಸೆಂ.ಮೀ. ಚೌಕದ ತುಂಡಿನಲ್ಲಿ ಸುತ್ತಿ ಎರಡೂ ತುದಿ ತಿರುಚಿ.

ಕಟ್ಟಲು ಸ್ಯಾಟಿನ್ ರಿಬ್ಬನ್ನಿಗಿಂತ ಬಾಳೆಪಟ್ಟೆ ಮೇಲು. ಗಿಡದಲ್ಲೇ ಒಣಗಿದ ಪಟ್ಟೆಯನ್ನು ಕಿರುಬೆರಳಗಲ ಸೀಳಿ ಹತ್ತು ನಿಮಿಷ ನೀರಲ್ಲಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೆತ್ತಗಿರುವಾಗಲೇ ಗಂಟು ಹಾಕಿ. ಒರೆಸದೆ ಕಟ್ಟಿದರೆ ಬಿಳಿ ರಟ್ಟಿನ ಮೇಲೆ ಕಂದು ಗೆರೆ ಬೀಳುತ್ತದೆ, ಅದನ್ನು ತೆಗೆಯಲಾಗದು. ಕೊನೆಗೆ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಸುತ್ತುವ ರೂಢಿ ಇನ್ನೂ ಇರುವವರು ಗಮನಿಸಿ: ಸಿಹಿಪೆಟ್ಟಿಗೆಗೆ ಸುತ್ತುವ ಫಿಲ್ಮು, ಅಲಂಕಾರದ ಥರ್ಮೋಕೋಲು ಎರಡೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧದ ಪಟ್ಟಿಯಲ್ಲಿವೆ. ಬದಲಿಗೆ 5 ಸೆಂ.ಮೀ. ಅಗಲದ ಕೈಕಾಗದದ ಪಟ್ಟಿಯನ್ನು ಪೆಟ್ಟಿಗೆಯ ನಡುವಿಗೆ ಸುತ್ತಿ ಅಡಿಯಲ್ಲಿ ಅಂಟಿಸಿ. ಮುಚ್ಚಳವೂ ಅಲುಗದು.

ಬಿಡಿ ರಟ್ಟಿನ ಪೆಟ್ಟಿಗೆಗೆ ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಕಳೆದದ್ದು ಸಮಯಕ್ಕೆ, ಹನ್ನೆರಡು ಪೆಟ್ಟಿಗೆಗೆ ಒಂದು ಇಡೀ ಮಧ್ಯಾಹ್ನ ಬೇಕು. ಖಾಲಿ ಪೆಟ್ಟಿಗೆಗಳನ್ನು ವಾರ ಮುಂಚೆಯೇ ಮಾಡಿಟ್ಟರೆ ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿಡಿ, ಕಪಾಟಿನ ಗೋಡೆಗೆ ತಾಗಿಸಿಡಬೇಡಿ. ಮೈಸೂರಿಗೋ ಬೆಂಗಳೂರಿಗೋ ಕೊರಿಯರ್ ಮಾಡುವುದಾದರೆ ಹೊರಗೊಂದು ದೊಡ್ಡ ರಟ್ಟಿನ ಡಬ್ಬ ಬೇಕು. ಸುತ್ತಲಿನ ಸಂದಿಗೆ ಪತ್ರಿಕೆಯನ್ನು ಮುದುಡಿ ತುರುಕಿ, ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಏನಾದರೂ ಸದ್ದು ಕೇಳಿದರೆ ಇನ್ನೂ ಎರಡು ಹಾಳೆ ತುರುಕಿ.